ಎರಡು ಕವರ್

ಮ್ಯಾಡ್ರಿಡ್‌ಗೆ ಬಂದು 3 ವರ್ಷ ಆಯ್ತು. "ಅಲ್ಲಿ ಊಟಕ್ಕೆ ಏನ್ ಮಾಡ್ತೀರಾ?" ಅಂತ ಇನ್‌ಬಾಕ್ಸಲ್ಲಿ ಕೇಳೋರು ಜಾಸ್ತಿ. ಒಬ್ಬೊಬ್ಬರಿಗೂ ಬರೆಯೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಇಲ್ಲಿ ಮಧ್ಯಾಹ್ನದ ಊಟ 2 ಗಂಟೆ ಮೇಲೆ, ರಾತ್ರಿ ಊಟ 9 ಆದಮೇಲೆ. ಮೊದಲ ತಿಂಗಳು ಹೊಟ್ಟೆ ಹಸಿದು ಹಸಿದು ಸಾಕಾಗಿತ್ತು. ಗಲ್ಲಿ ಹೋಟೆಲುಗಳಲ್ಲಿ 'ಮೆನು ದೆಲ್ ದಿಯಾ' ಅಂತ ಒಂದು ಊಟ ಸಿಗುತ್ತೆ. ಎರಡು ಬಗೆ ಅಡುಗೆ, ಬ್ರೆಡ್ಡು, ಕುಡಿಯೋಕೆ ಏನಾದ್ರೂ, ಕೊನೆಗೆ ಸಿಹಿ ಇಲ್ಲಾ ಕಾಫಿ. ಗಾರೆ ಕೆಲಸದವರೂ ಆಫೀಸಿನವರೂ ಅದನ್ನೇ ತಿಂತಾರೆ. ಖಾರ ಮಾತ್ರ ಕೇಳಬೇಡಿ. 'ಪಿಮೆಂತೋನ್' ಅನ್ನೋ ಕೆಂಪು ಪುಡಿ ನೋಡಿ ಬ್ಯಾಡಗಿ ಸಿಕ್ಕಂಗೆ ಖುಷಿಪಟ್ಟಿದ್ದೆ. ಬಣ್ಣ ಬ್ಯಾಡಗಿದೇ, ನಾಲಿಗೆಗೆ ಏನೂ ಇಲ್ಲ. ರಾಗಿಹಿಟ್ಟು ಮಾತ್ರ ಊರಿಂದ ಬರೋರ ಬ್ಯಾಗಲ್ಲಿ ಬರುತ್ತೆ.

ಈಗ ನಾನಿರೋದು ಲಾವಾಪಿಯೆಸ್ ಅನ್ನೋ ಏರಿಯಾದಲ್ಲಿ. ಬಾಂಗ್ಲಾದವರ ಅಂಗಡಿ, ಸೆನೆಗಲ್‌ನವರ ಹೋಟೆಲು, ಮೊರಾಕ್ಕೊದವರ ಹಲಾಲ್ ಮಟನ್ ಎಲ್ಲಾ ಇಲ್ಲೇ. ಅದಕ್ಕೂ ಮುಂಚೆ 8 ತಿಂಗಳು ನಮ್ಮ ದೇಶದವರೇ 3 ಜನರ ಜೊತೆ ಒಂದು ಫ್ಲಾಟಲ್ಲಿದ್ದೆ. ಮೊದಲ ದಿನವೇ "ಪೂರ್ತಿ ಹೆಸರೇನು?" ಅಂತ ಕೇಳಿದ್ರು. ಯಾಕೆ ಕೇಳ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಾರ ಕಳೆಯೋದ್ರೊಳಗೆ ಫ್ರಿಜ್ಜಿನ ಒಂದು ತಟ್ಟೆ ನನಗೆ ಬೇರೆ ಆಯ್ತು, ಒಂದು ಬಾಣಲೆ ಬೇರೆ ಆಯ್ತು. ಯಾರೂ ಬೈಲಿಲ್ಲ, ಎಲ್ಲಾ ನಗ್ತಾ ನಗ್ತಾನೇ ಆಯ್ತು. ಎಂಟು ಸಾವಿರ ಕಿಲೋಮೀಟರ್ ದಾಟಿ ಬಂದ್ರೂ ಕೇರಿ ಅಡುಗೆಮನೆಯಲ್ಲೇ ಸಿಕ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಜೊತೆ ಕೆಲಸ ಮಾಡೋ ಇಲ್ಲಿನ ಹೆಂಗಸೊಬ್ಬರು "ನಮ್ಮೂರಿನ ಊಟ ತಿನ್ನು ಬಾ" ಅಂತ ಕರ್ಕೊಂಡು ಹೋದ್ರು. ಮಣ್ಣಿನ ಬಟ್ಟಲಲ್ಲಿ ಕುದೀತಾ ಬಂತು. ಚಮಚ ಹಾಕಿ ನೋಡ್ತೀನಿ, ಬೋಟಿ! ದನದ ಬೋಟಿ, ಕಾಲು, ಮೂತಿ, ಜೊತೆಗೆ ರಕ್ತ ಹಾಕಿ ಮಾಡಿದ ಸಾಸೇಜು. ಹೆಸರು 'ಕಾಯೋಸ್ ಆ ಲಾ ಮಾದ್ರಿಲೇನ್ಯಾ', ಅಂದ್ರೆ ಮ್ಯಾಡ್ರಿಡ್ ಶೈಲಿಯ ಬೋಟಿ. ರಾಜಧಾನಿ ತನ್ನ ಹೆಸರನ್ನೇ ಬೋಟಿಗೆ ಇಟ್ಟಿದೆ ಕಣ್ರೀ! 1839ರಲ್ಲಿ ಶುರುವಾದ ಲಾರ್ದಿ ಅನ್ನೋ ದೊಡ್ಡವರ ಹೋಟೆಲಲ್ಲೂ ಇದು ಹೆಸರುವಾಸಿ. ಕೆಲವರು ಕಡಲೆಕಾಳು ಹಾಕ್ತಾರೆ. ನಮ್ಮವ್ವ ಅವರೆಕಾಳು ಹಾಕ್ತಿತ್ತು, ಅಷ್ಟೇ ವ್ಯತ್ಯಾಸ. ನನ್ನ ಕಣ್ಣಲ್ಲಿ ನೀರು ಬಂತು. "ಖಾರ ಆಯ್ತಾ?" ಅಂತ ಕೇಳಿದ್ರು. ಹೂಂ ಅಂದೆ.

ಮುಂದಿನ ಶನಿವಾರ ಮಾರ್ಕೆಟ್ಟಿಗೆ ಹೋದೆ. ಇಲ್ಲಿ ಬೋಟಿ, ಈಲಿ, ಮೆದುಳು, ನಾಲಿಗೆ ಮಾರೋಕೇ ಬೇರೆ ಅಂಗಡಿ ಇರುತ್ತೆ, 'ಕಾಸ್ಕೇರಿಯಾ' ಅಂತಾರೆ. ಗಾಜಿನ ಹಿಂದೆ, ಲೈಟ್ ಕೆಳಗೆ, ಒಡವೆ ಥರ ಜೋಡಿಸಿರ್ತಾರೆ. ಬೋಟಿ ತೊಳೆದು ಬೆಳ್ಳಗೆ ಮಾಡಿಟ್ಟಿರ್ತಾರೆ. ಊರಲ್ಲಿ ಅವ್ವ ಕಾಯ್ದ ನೀರಲ್ಲಿ ಅದ್ದಿ, ಕೆರೆದು ಕೆರೆದು, ಅರ್ಧ ದಿನ ಕಳೀತಿತ್ತು. ಒಂದು ಕಿಲೋ ತಗೊಂಡೆ. ಅಂಗಡಿಯವಳು ಕವರಿಗೆ ಹಾಕಿ ಕೊಟ್ಲು. ನಾನು "ಇನ್ನೊಂದು ಕವರ್ ಕೊಡಿ" ಅಂದೆ.

"ಯಾಕೆ? ಸೋರಲ್ಲ ಇದು" ಅಂದ್ಲು.

ಉತ್ತರ ಬರಲಿಲ್ಲ ನನಗೆ. ಯಾಕೆ ಕೇಳಿದೆ ನಾನು? ಬೆಂಗಳೂರಲ್ಲಿ ಬಾಡಿಗೆ ಮನೇಲಿದ್ದಾಗ ಬಾಡು ತಂದ್ರೆ ಕಪ್ಪು ಕವರು, ಅದರ ಮೇಲೆ ಇನ್ನೊಂದು ಕಪ್ಪು ಕವರು, ಅದರ ಮೇಲೆ ಕೊತ್ತಂಬರಿ ಕಟ್ಟು. ಕುಕ್ಕರ್ ಇಡೋಕೆ ಮುಂಚೆ ಕಿಟಕಿ ಮುಚ್ಚೋದು, ಊದುಬತ್ತಿ ಹಚ್ಚೋದು. ವೇದಿಕೆ ಮೇಲೆ ಆಹಾರದ ಹಕ್ಕಿನ ಬಗ್ಗೆ ಗಂಟಲು ಹರ್ಕೊಂಡು ಮಾತಾಡಿ ಬಂದವನು ನಾನು, ಮನೆಗೆ ಬಂದು ಕಿಟಕಿ ಮುಚ್ಚುತ್ತಿದ್ದೆ. ಇದನ್ನ ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಇಲ್ಲಿ ಭಾನುವಾರ 'ಎಲ್ ರಾಸ್ತ್ರೋ' ಅಂತ ದೊಡ್ಡ ಸಂತೆ ಆಗುತ್ತೆ. ಹಳೇ ಬಟ್ಟೆ, ಹಳೇ ಪುಸ್ತಕ, ತುಕ್ಕು ಹಿಡಿದ ಬೀಗ, ಏನು ಬೇಕಾದ್ರೂ ಸಿಗುತ್ತೆ. ಸಂತೆ ಆಗೋ ಇಳಿಜಾರು ಬೀದಿಯ ಹೆಸರು 'ರಿಬೇರಾ ದೆ ಕುರ್ತಿದೋರೆಸ್'. ಕುರ್ತಿದೋರೆಸ್ ಅಂದ್ರೆ ಚರ್ಮ ಹದ ಮಾಡೋರು! ಮೇಲೆ ಕಸಾಯಿಖಾನೆ, ಕೆಳಗೆ ಚರ್ಮದ ಕೆಲಸ. ಕಡಿದ ದನಗಳನ್ನ ಎಳ್ಕೊಂಡು ಹೋಗುವಾಗ ಬೀದಿಯುದ್ದ ರಕ್ತದ ಜಾಡು ಬೀಳ್ತಿತ್ತು, ಜಾಡಿಗೆ ಸ್ಪ್ಯಾನಿಷಲ್ಲಿ ರಾಸ್ತ್ರೋ ಅಂತಾರೆ, ಅದಕ್ಕೇ ಈ ಹೆಸರು ಅನ್ನೋದು ಇಲ್ಲಿನವರ ಮಾತು. ನಮ್ಮ ತಾತನ ಸುಣ್ಣದ ಗುಂಡಿ, ತಂಗಡಿ ಚಕ್ಕೆಯ ವಾಸನೆ, ಮಿಣಿ ಹೊಲೀತಿದ್ದ ಕೈ ಎಲ್ಲಾ ಆ ಬೋರ್ಡ್ ಕೆಳಗೆ ನೆನಪಾಯ್ತು. ನಮ್ಮ ಕಡೆ ಆ ಕೆಲಸದ ಹೆಸರು ಬೈಗುಳ. ಇಲ್ಲಿ ಅದು ಬೀದಿ ಹೆಸರು, ಟೂರಿಸ್ಟುಗಳು ಫೋಟೋ ಹೊಡೀತಾರೆ.

ಹಾಗಂತ ಇದು ಸ್ವರ್ಗ ಅಂದ್ಕೋಬೇಡಿ. 'ಕಾಸ್ತಾ' ಅನ್ನೋ ಪದ ಹುಟ್ಟಿದ್ದೇ ಈ ಸ್ಪೇನ್-ಪೋರ್ಚುಗಲ್ ನೆಲದಲ್ಲಿ. 1449ರಲ್ಲಿ ತೊಲೆದೊ ನಗರದಲ್ಲಿ 'ರಕ್ತಶುದ್ಧಿ' ನಿಯಮ ಮಾಡಿ, ಯಹೂದಿ ಮೂಲದಿಂದ ಮತಾಂತರ ಆದವರನ್ನ ಅಧಿಕಾರದಿಂದ ದೂರ ಇಟ್ರು. ಯಾರು ಹಂದಿ ತಿಂತಾರೆ, ಯಾರು ತಿನ್ನಲ್ಲ ಅಂತ ಅಕ್ಕಪಕ್ಕದವರು ಕಣ್ಣಿಟ್ಟು ನೋಡ್ತಿದ್ರು. ಪಾತ್ರೆಗೆ ಇಣುಕೋ ಬುದ್ಧಿ ನಮ್ಮಲ್ಲಿ ಮಾತ್ರ ಇಲ್ಲ. ಚರ್ಮದ ಕೆಲಸಕ್ಕೂ ಇಲ್ಲಿ ಕೀಳು ಅನ್ನೋ ಹಣೆಪಟ್ಟಿ ಇತ್ತು. ಚರ್ಮ ಹದ ಮಾಡೋರು, ಕಮ್ಮಾರರು, ದರ್ಜಿಗಳು, ಚಪ್ಪಲಿ ಹೊಲಿಯೋರು, ಬಡಗಿಗಳ ಕೆಲಸ ಗೌರವದ್ದು ಅಂತ 1783ರಲ್ಲಿ ದೊರೆ ಮೂರನೇ ಕಾರ್ಲೋಸ್ ಆಜ್ಞೆ ಹೊರಡಿಸಬೇಕಾಯ್ತು. ನಮಗೆ 1950ರಲ್ಲಿ 17ನೇ ವಿಧಿ ಬಂತು. ನನ್ನ ಕೈ ಇನ್ನೂ ಎರಡನೇ ಕವರ್ ಕೇಳುತ್ತೆ. ಇನ್ನು ನನ್ನ ಸ್ಪ್ಯಾನಿಷ್ ಉಚ್ಚಾರಣೆ ಕೇಳಿದ ತಕ್ಷಣ "ರೂಮ್ ಖಾಲಿ ಇಲ್ಲ" ಅಂದವರೂ ಈ ಊರಲ್ಲೇ ಇದ್ದಾರೆ.

ಈಗಿನ ರೂಮಿಗೆ ಬಂದಮೇಲೆ ಮೊದಲ ಭಾನುವಾರ ಬೋಟಿ ಗೊಜ್ಜು ಮಾಡಿದೆ, ಕಿಟಕಿ ತೆಗೆದೇ ಮಾಡಿದೆ. ವಿಡಿಯೋ ಕಾಲಲ್ಲಿ ಅವ್ವನಿಗೆ ತೋರಿಸ್ದೆ. ಪಾತ್ರೆ ನೋಡಿ ಅವ್ವ ದನಿ ತಗ್ಗಿಸಿ, "ಮೆಲ್ಲಕ್ಕೆ ಮಾತಾಡ್ಲಾ, ಪಕ್ಕದ ಮನೇರು ಕೇಳಿಸ್ಕೊಂಡಾರು" ಅಂತು. ಪಕ್ಕದ ಮನೆಯಲ್ಲಿ ಒಬ್ಬ ಸ್ಪೇನಿನ ಅಜ್ಜಿ ಇದಾರೆ ಕಣವ್ವ ಅಂದೆ. ಅದೇ ಅಜ್ಜಿ ಸಾಯಂಕಾಲ ಬಾಗಿಲು ಬಡಿದ್ರು. ನಿಜ ಹೇಳ್ತೀನಿ, ಒಂದು ಕ್ಷಣ ಎದೆ ಧಸಕ್ ಅಂತು. ಅವರು ಕೇಳಿದ್ದು ಇಷ್ಟೇ: "ಏನು ಮಸಾಲೆ ಹಾಕಿದೀಯಾ?"

ಒಂದು ಬಟ್ಟಲು ಕೊಟ್ಟೆ. ಬಟ್ಟಲು ವಾಪಸ್ ಬಂದಾಗ ಖಾಲಿ ಇರಲಿಲ್ಲ, ಅದರ ತುಂಬ ಅಕ್ಕಿ ಪಾಯಸ ಇತ್ತು. ಅವ್ವನಿಗೆ ಫೋನ್ ಮಾಡಿ ಹೇಳಿದೆ. ತುಂಬಾ ಹೊತ್ತು ಸುಮ್ನಿತ್ತು. ಆಮೇಲೆ, "ತೊಳಿದೇ ಕೊಟ್ರಾ ಬಟ್ಲ, ತೊಳ್ದು ಕೊಟ್ರಾ?" ಅಂತ ಕೇಳ್ತು.

ಮ್ಯಾಡ್ರಿಡ್ ಕಡೆ ಬಂದ್ರೆ ಹೇಳಿ, ಮುದ್ದೆ ಇಡ್ತೀನಿ. ರಾಗಿಹಿಟ್ಟು ಮಾತ್ರ ನೀವೇ ತರಬೇಕು.

ಜೈ ಭೀಮ್.