ತಪ್ಪೇ ಇಲ್ಲದ ಹೋಂವರ್ಕ್

ಪಕ್ಕದ ಮನೆಯ ಹುಡುಗಿ ಮೂರನೇ ಕ್ಲಾಸು. ಸಂಜೆ ಸೋಫಾದ ಮೇಲೆ ಬಿದ್ದ ಬ್ಯಾಗು ಅಮ್ಮ ಬ್ಯಾಂಕಿನಿಂದ ಬರುವ ತನಕ ಹಾಗೇ ಇರುತ್ತದೆ. ಡೈರಿ ನೋಡುವುದು ಅಮ್ಮ, ಯಾವುದು ಮೊದಲು ಎಂದು ಹೇಳುವುದು ಅಮ್ಮ, ಪೆನ್ಸಿಲ್ ಚೂಪು ಮಾಡುವುದೂ ಅಮ್ಮನೇ. ಭಾನುವಾರ ಇದೇ ಹುಡುಗಿ ವಠಾರದ ಮಕ್ಕಳನ್ನೆಲ್ಲ ಸೇರಿಸಿ ಲಗೋರಿಗೆ ಎರಡು ತಂಡ ಮಾಡುತ್ತಾಳೆ, ಔಟೋ ಅಲ್ಲವೋ ತೀರ್ಮಾನಿಸುತ್ತಾಳೆ, ತನಗಿಂತ ದೊಡ್ಡವರ ಜಗಳವನ್ನೂ ಬಿಡಿಸುತ್ತಾಳೆ. ಇಷ್ಟೆಲ್ಲ ನಿಭಾಯಿಸುವವಳಿಗೆ ಹೋಂವರ್ಕ್ ಎಂದ ಕೂಡಲೇ ಕೈಕಾಲು ಆಡದಂತಾಗುವುದು ಏಕೆ?

*

ಒಂದು ಸಂಜೆ ಅವಳ ಲೆಕ್ಕದ ಪುಸ್ತಕ ನನ್ನೆದುರೇ ತೆರೆದಿತ್ತು. 52ರಲ್ಲಿ 27 ಕಳೆಯಬೇಕು. ಅವಳು 35 ಎಂದು ಬರೆದಳು. ಅಮ್ಮ ಒಲೆಯ ಮುಂದಿನಿಂದಲೇ ಬಗ್ಗಿ ನೋಡಿ, "ಅಯ್ಯೋ ಪುಟ್ಟಿ, ಅಳಿಸೇ ಅದನ್ನ. ಇಪ್ಪತ್ತೈದು ಬರಿ" ಎಂದರು. ರಬ್ಬರ್ ಉಜ್ಜಿ 25 ಬರೆದಳು. ಮುಂದಿನದು 64ರಲ್ಲಿ 38. ಈ ಸಲ 34 ಬರೆದು ಅಮ್ಮನ ಮುಖ ನೋಡಿದಳು. ಅದೂ ಅಳಿಸಿಹೋಯಿತು.

35 ಎಲ್ಲಿಂದ ಬಂತು ಎಂಬುದು ರಾತ್ರಿಯವರೆಗೂ ನನ್ನನ್ನು ಕೊರೆಯಿತು. ಬಿಡಿ ಸ್ಥಾನದ 2ರಲ್ಲಿ 7 ಹೋಗುವುದಿಲ್ಲ. ಹಾಗಾಗಿ 7ರಲ್ಲೇ 2 ಕಳೆದಿದ್ದಾಳೆ. ಯಾವ ಸ್ಥಾನದಲ್ಲಾದರೂ ದೊಡ್ಡದರಿಂದ ಚಿಕ್ಕದನ್ನು ತೆಗೆ, ಅಷ್ಟೇ. 34ರಲ್ಲೂ ಅದೇ ನಿಯಮ. ಮಕ್ಕಳ ಕಳೆಯುವ ಲೆಕ್ಕಗಳನ್ನು ಜಾಲಾಡಿದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಇದನ್ನು ಬರೆದಿದ್ದಾರೆ: ಗಮನವಿಲ್ಲದೆ ಆದದ್ದು ಎಂದು ನಾವು ಬೈಯುವ ಎಷ್ಟೋ ತಪ್ಪುಗಳಲ್ಲಿ ಮಗು ಒಂದು ತಪ್ಪು ವಿಧಾನವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ. ಆ ವಿಧಾನ ಯಾವುದೆಂದು ಗೊತ್ತಾದರೆ ತಿದ್ದಲು ದಾರಿ ಸಿಗುತ್ತದೆ. ಆದರೆ ಮರುದಿನ ಟೀಚರ್ ಕೈಗೆ ಹೋಗುವುದು 25 ಮತ್ತು 26. ಪುಟದ ಕೆಳಗೆ ಒಂದು 'ಗುಡ್' ಬೀಳುತ್ತದೆ. 35 ಬರೆದ ಹುಡುಗಿ ಶಾಲೆಗೆ ಹೋಗಲೇ ಇಲ್ಲ ಎನ್ನಬೇಕು.

*

ಅಮ್ಮನನ್ನು ದೂರಲು ನನಗೆ ಮನಸ್ಸು ಬಾರದು. ರಾತ್ರಿ ಒಂಬತ್ತಕ್ಕೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ನಾಳೆಯ ಪ್ರಾಜೆಕ್ಟಿನ ಸುದ್ದಿ ಬರುತ್ತದೆ. ಥರ್ಮೋಕೋಲ್ ಕತ್ತರಿಸಿ ಸೌರವ್ಯೂಹ ಮಾಡುವುದು ಎಂಟು ವರ್ಷದ ಕೈಗೆ ಆಗುವ ಕೆಲಸವಲ್ಲ ಎಂದು ಕೊಟ್ಟವರಿಗೂ ಗೊತ್ತು. ಪುಸ್ತಕ ಗಲೀಜಾಗಿದ್ದರೆ ಡೈರಿಯಲ್ಲಿ ಒಂದು ಸಾಲು ಬರುತ್ತದೆ, ಅದು ತಾಯಿಗೆ ಬಂದ ನೋಟಿಸ್. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು ಬೇರೆಯೇ. ಎರಡನೇ ತರಗತಿಯ ತನಕ ಹೋಂವರ್ಕ್ ಬೇಡ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ! ಪಕ್ಕದ ಮನೆಯಲ್ಲಿ ಅಷ್ಟು ಹೊತ್ತು ಒಂದೇ ಸಂಜೆಗೆ ಕಳೆದುಹೋಗುತ್ತದೆ.

*

ಆಟದಲ್ಲಿ ಎಲ್ಲ ನಿಭಾಯಿಸುವ ಮಗು ಹೋಂವರ್ಕಿಗೆ ಕೈಕಟ್ಟಿ ಕೂರುವುದೇಕೆ ಎಂಬ ಒಗಟು ನಲಿ-ಕಲಿ ತರಗತಿ ನೋಡಿದವರಿಗೆ ಇನ್ನೂ ಬಿಗಿಯಾಗುತ್ತದೆ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಮಗುವೇ ನೋಡಿ, ತನ್ನ ಕಾರ್ಡನ್ನು ತಾನೇ ತಂದು ಕೂರುತ್ತದೆ. ಯಾರ ಜೊತೆ ಕೂರಬೇಕು ಎಂಬುದನ್ನೂ ಕಾರ್ಡೇ ಹೇಳುತ್ತದೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು, ಸ್ವಲ್ಪ ಸಾಕಾದವರು, ಗೆಳೆಯರ ಪೂರ್ತಿ ಸಹಾಯದವರು, ಗೆಳೆಯರ ಸ್ವಲ್ಪ ಸಹಾಯದವರು, ಕೊನೆಗೆ ಸ್ವಕಲಿಕೆಯವರು. ಐದು ತಂಡ. ಸಹಾಯ ಹಂತಹಂತವಾಗಿ ಕಡಿಮೆಯಾಗಬೇಕು ಎಂಬುದು ಅಲ್ಲಿ ಕೂರುವ ಜಾಗದಲ್ಲೇ ಇದೆ. ಆರು ವರ್ಷದ ಮಕ್ಕಳು ಅದನ್ನು ಅರಿತು ನಡೆಯುತ್ತಾರೆ. ಮನೆಯಲ್ಲಿ ನಮಗೆ ಇರುವುದು ಮೊದಲನೇ ತಂಡವೊಂದೇ.

*

ಇದೇ ವಠಾರದ ನಾಲ್ಕನೇ ಮನೆಯ ಹುಡುಗನ ತಾಯಿ ಬಟ್ಟೆ ಹೊಲಿಯುತ್ತಾರೆ, ಓದಲು ಬಾರದು. ಮಷೀನ್ ನಿಲ್ಲಿಸದೆ, "ಏನ್ ಬರ್ದೆಯಪ್ಪ, ಓದಿ ಹೇಳು" ಎನ್ನುತ್ತಾರೆ. ಓದುತ್ತ ಓದುತ್ತ ಎಲ್ಲೋ ತಡವರಿಸಿ ತಾನೇ ತಿದ್ದಿಕೊಳ್ಳುತ್ತಾನೆ. ಇದನ್ನು ಹೊಗಳಿ ಸುಮ್ಮನಾಗಲು ನಾನು ಒಪ್ಪುವುದಿಲ್ಲ. ಅವನು ನಿಜಕ್ಕೂ ಸಿಕ್ಕಿಕೊಂಡ ದಿನ ಕೇಳಲು ಯಾರೂ ಇಲ್ಲ. ಜಾಗ ಖಾಲಿ ಬಿಟ್ಟು ಹೋಗುತ್ತಾನೆ, ಬೈಸಿಕೊಳ್ಳುತ್ತಾನೆ. ಅವನ ಖಾಲಿ ಜಾಗವಾದರೂ ಟೀಚರಿಗೆ ನಿಜ ಹೇಳುತ್ತಿತ್ತಲ್ಲ, ಅದಕ್ಕೆ ಬೈಗುಳವೇಕೆ?

*

ಹಾಗಾದರೆ ಪಕ್ಕದಲ್ಲಿ ಕೂರುವವರಿದ್ದರೆ ಸಾಕೇ? ಅಮೆರಿಕದಲ್ಲಿ ಒಂದು, ಎರಡನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಸಂಗಡಿಗರದು. ಗಣಿತವೆಂದರೆ ಹೆದರುವ ಅಪ್ಪ ಅಮ್ಮಂದಿರು ಪದೇ ಪದೇ ಹೋಂವರ್ಕಿಗೆ ಕೂತ ಮನೆಗಳಲ್ಲಿ ಮಕ್ಕಳು ವರ್ಷದಲ್ಲಿ ಕಲಿತ ಗಣಿತ ಕಡಿಮೆ, ಹೆದರಿಕೆ ಹೆಚ್ಚು. ಅಷ್ಟೇ ಹೆದರುವವರು ಹೆಚ್ಚು ಕೂರದ ಮನೆಗಳಲ್ಲಿ ಹೀಗಾಗಲಿಲ್ಲ. ಪಕ್ಕದ ಮನೆಯ ತಾಯಿಗೆ ಲೆಕ್ಕದ ಭಯವಿಲ್ಲ, ಬ್ಯಾಂಕಿನವರು. ಅವರ ಭಯ ಹೊತ್ತಿನದು. ಎಂಟೂವರೆಗೆ ಊಟ, ಒಂಬತ್ತೂವರೆಗೆ ಮಲಗಬೇಕು. ಆ ಭಯವೂ ಮಗುವಿಗೆ ದಾಟುತ್ತದೆಯೇ?

*

ಶನಿವಾರ ಹುಡುಗಿ ನಮ್ಮ ಮನೆಯಲ್ಲಿದ್ದಳು. ತೆಂಗಿನ ಪೊರಕೆಯ ಕಡ್ಡಿಗಳನ್ನು ಚಿಕ್ಕದಾಗಿ ಮುರಿದು, ಹತ್ತತ್ತರ ಐದು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಎರಡು ಬಿಡಿ ಕಡ್ಡಿ ಪಕ್ಕಕ್ಕಿಟ್ಟೆ. "ಇದರಲ್ಲಿ ಇಪ್ಪತ್ತೇಳು ನನಗೆ ಕೊಡು" ಎಂದೆ. ಎರಡು ಕಟ್ಟು ಥಟ್ಟನೆ ಕೊಟ್ಟಳು. ಎರಡು ಬಿಡಿಯನ್ನೂ ಕೊಟ್ಟಳು. ಇನ್ನೂ ಐದು ಬೇಕು, ಬಿಡಿ ಮುಗಿದಿತ್ತು. "ಆಂಟಿ, ಇಲ್ವಲ್ಲ" ಎಂದು ನನ್ನ ಮುಖ ನೋಡಿದಳು. ನಾಲಿಗೆ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅವಳು ಕಟ್ಟೊಂದನ್ನು ಎತ್ತಿದಳು, ಇಟ್ಟಳು. ಮತ್ತೆ ಎತ್ತಿ, "ಬಿಚ್ಬೋದಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬ್ಯಾಂಡ್ ಬಿಚ್ಚಿದಳು. ಐದು ಎಣಿಸಿ ಕೊಟ್ಟು, ಉಳಿದದ್ದನ್ನು ಎಣಿಸಿ "ಇಪ್ಪತ್ತೈದು!" ಎಂದು ಕೂಗಿದಳು.

ಪುಸ್ತಕದಲ್ಲಿ ಬರೆಸಿದರೆ ಮತ್ತೆ 35 ಬಂದರೂ ಬರಬಹುದು. ಕಡ್ಡಿಯಿಂದ ಅಂಕಿಗೆ ದಾಟುವುದು ಇನ್ನೊಂದು ದಿನದ ಕೆಲಸ.

*

ಅವಳ ಟೀಚರನ್ನು ಕಂಡಾಗ ಕೇಳಲು ಬರೆದಿಟ್ಟುಕೊಂಡದ್ದು: ಅಮ್ಮ ಹೇಳಿಕೊಟ್ಟ ಲೆಕ್ಕದ ಪಕ್ಕ ಒಂದು ಗುರುತು ಹಾಕಿ ಕಳಿಸಿದರೆ ಆಗಬಹುದೇ? ಬಾರದ ಲೆಕ್ಕಕ್ಕೆ 'ಇಲ್ಲಿ ನಿಂತೆ' ಎಂದು ಮಗುವೇ ಬರೆದರೆ ಬೈಯದೆ ಇರುವಿರಾ? ನಲವತ್ತು ಪುಸ್ತಕ ತಿದ್ದುವವರಿಗೆ ಆ ಗುರುತು ಹುಡುಕಲು ಪುರುಸೊತ್ತು ಸಿಗುತ್ತದೆಯೇ, ಸಿಗದಿದ್ದರೆ ಲೆಕ್ಕದ ಸಂಖ್ಯೆಯನ್ನೇ ಅರ್ಧಕ್ಕೆ ಇಳಿಸಲು ಶಾಲೆ ಬಿಡುತ್ತದೆಯೇ?