ನೇರ ಗಾಡಿಯೋ, ಬದಲಿಸುವ ಗಾಡಿಯೋ?

ನಮ್ಮ ಮಿರಜ್–ಲೋಂಡಾ ರೈಲು ಹಾದಿಯಲ್ಲಿ ಎರಡು ನಿಲ್ದಾಣಗಳ ಹೆಸರಿಗೆ ‘ರೋಡ್’ ಎಂಬ ಬಾಲವಿದೆ: ಚಿಕ್ಕೋಡಿ ರೋಡ್ ಮತ್ತು ಗೋಕಾಕ ರೋಡ್. ಮಕ್ಕಳೇ, ಈ ಬಾಲ ಯಾಕೆ ಗೊತ್ತೇ? ‘ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು’ ಎಂದು ರೈಲ್ವೆಯವರು ಮೊದಲೇ ಹೇಳಿಬಿಡುವ ರೀತಿ ಅದು. ಗೋಕಾಕ ರೋಡಿನಲ್ಲಿ ಇಳಿದವರಿಗೆ ಗೋಕಾಕ ಪೇಟೆ ಕಾಣುವುದಿಲ್ಲ. ಮೂಡಲಗಿ, ಹುಕ್ಕೇರಿ ಪೇಟೆಗಳಿಗಂತೂ ಹೆಸರಿಗೂ ಒಂದು ನಿಲ್ದಾಣವಿಲ್ಲ. ದೂರದ ಊರಿಗೆ ಹೋಗುವ ನಾವೆಲ್ಲ ಹೆಚ್ಚಾಗಿ ಬಂದು ಸೇರುವುದು ಘಟಪ್ರಭಾ ನಿಲ್ದಾಣಕ್ಕೆ.

ಹಾಗಾಗಿ ನಮ್ಮ ಭಾಗದವರಿಗೆ ಪೂರ್ತಿ ‘ನೇರ ಪ್ರಯಾಣ’ ಎಂಬುದೇ ಇಲ್ಲ. ಬಸ್ಸೋ ಟಂಟಮ್ಮೋ ಹತ್ತಿ ನಿಲ್ದಾಣ ಮುಟ್ಟುವಷ್ಟರಲ್ಲೇ ಒಂದು ಗಾಡಿ ಬದಲಾಗಿರುತ್ತದೆ. ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಬೇಕು.

ಒಂದು ಕಾಲದಲ್ಲಿ ಈ ಲೆಕ್ಕ ಹಾಕುವ ಕೆಲಸವೇ ನಮಗಿರಲಿಲ್ಲ, ಹಳಿಗಳೇ ತೀರ್ಮಾನಿಸುತ್ತಿದ್ದವು. ನಾನು ಹರೆಯದವನಿದ್ದಾಗ ನಮ್ಮ ಕಡೆಯದು ಮೀಟರ್ ಗೇಜ್. ಅಂದರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್ ಅಂತರ. 1971ರಲ್ಲಿ ಪುಣೆಯಿಂದ ಮಿರಜ್, ಕೊಲ್ಹಾಪುರದವರೆಗೆ ಬ್ರಾಡ್ ಗೇಜ್ ಬಂತು. ಅದರ ಅಂತರ 1,676 ಮಿಲಿಮೀಟರ್. ಒಂದು ಗೇಜಿನ ಗಾಲಿ ಇನ್ನೊಂದರ ಮೇಲೆ ಕೂರದು. ಮುಂಬೈಗೆ ಹೋಗುವವರು ಮಿರಜಿನಲ್ಲಿ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟು ಎಲ್ಲ ಇಳಿಸಿ ದೊಡ್ಡ ಗಾಡಿಗೆ ಏರಿಸಬೇಕಿತ್ತು. 1990ರ ದಶಕದಲ್ಲಿ ನಮ್ಮ ಹಳಿಗಳೂ ಅಗಲವಾದವು. ಇಂದು ಘಟಪ್ರಭಾದಲ್ಲಿ ಕುಳಿತವರು ಮಿರಜಿನಲ್ಲಿ ಇಳಿಯದೆ ಮುಂಬೈ ಸೇರುತ್ತಾರೆ. ನೇರ ಗಾಡಿ ಎಂಬುದು ನಮಗೆ ಸಿಕ್ಕ ಸಣ್ಣ ವರವಲ್ಲ.

ಆದರೂ ಎಲ್ಲ ಊರಿಗೆ, ಎಲ್ಲ ದಿನ ನೇರ ಗಾಡಿ ಸಿಗುವುದಿಲ್ಲ. ಕಳೆದ ದಸರಾ ರಜೆಯಲ್ಲಿ ಮೈಸೂರು ನೋಡಬೇಕೆಂದು ಮೊಮ್ಮಕ್ಕಳು ಹಟ ಹಿಡಿದಾಗ ನಮ್ಮ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು ಶರಾವತಿ ಎಕ್ಸ್‌ಪ್ರೆಸ್. ಮುಂಬೈಯ ದಾದರಿನಿಂದ ನಮ್ಮ ಹಳಿಯ ಮೇಲೆಯೇ ಮೈಸೂರಿಗೆ ಹೋಗುವ ನೇರ ಗಾಡಿ. ಆದರೆ ಅದು ಬರುವುದು ವಾರಕ್ಕೊಮ್ಮೆ. ಆ ದಿನ ಮೊಮ್ಮಗನ ಶಾಲೆಗೆ ಇನ್ನೂ ರಜೆ ಬಿಟ್ಟಿರಲಿಲ್ಲ.

ಎರಡನೆಯದು ವಂದೇ ಭಾರತ್. 2025ರ ಆಗಸ್ಟಿನಲ್ಲಿ ಬೆಳಗಾವಿ–ಬೆಂಗಳೂರು ನಡುವೆ ಶುರುವಾದ ಗಾಡಿ. ಬೆಂಗಳೂರಿನಲ್ಲಿ ಇಳಿದು ಮೈಸೂರಿನ ಗಾಡಿ ಹಿಡಿಯಬೇಕು.

ಮೂರನೆಯದು ನಮ್ಮ ಹಳೆಯ ನೆಂಟಸ್ತಿಕೆಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಸಂಜೆ ಘಟಪ್ರಭಾದಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿಂದ ಮೈಸೂರಿಗೆ ಮತ್ತೊಂದು ಗಾಡಿ.

ಐದನೆಯ ಇಯತ್ತೆಯ ಮೊಮ್ಮಗಳು ಮೊಬೈಲ್ ನೋಡಿ ತೀರ್ಪು ಕೊಟ್ಟಳು. “ಅಜ್ಜಾ, ವಂದೇ ಭಾರತದಾಗ ಬೆಂಗಳೂರಿಗೆ ಎಂಟೂವರೆ ತಾಸು ಅಷ್ಟ. ಇದಕ್ಕ ಹೋಗೂಣು.”

“ಅದು ಬೆಳಗಾವಿ ಬಿಡೂದು ಎಷ್ಟಕ್ಕ ನೋಡವಾ” ಅಂದೆ.

ಬೆಳಗಿನ 5 ಗಂಟೆ 20 ನಿಮಿಷ. ಗೋಕಾಕದಿಂದ ಅಷ್ಟು ಹೊತ್ತಿಗೆ ಬೆಳಗಾವಿ ಮುಟ್ಟಬೇಕಾದರೆ ಮಧ್ಯರಾತ್ರಿ ಎರಡಕ್ಕೆ ಎದ್ದು, ಮೂರಕ್ಕಾದರೂ ಬಾಡಿಗೆ ಕಾರು ಹತ್ತಬೇಕು. ಅಥವಾ ಹಿಂದಿನ ರಾತ್ರಿಯೇ ಹೋಗಿ ಲಾಡ್ಜಿನಲ್ಲಿ ಇರಬೇಕು. ಮೇಲಾಗಿ ಅದರಲ್ಲಿ ಕೂರುವ ಸೀಟು ಮಾತ್ರ, ಮಲಗುವ ಬರ್ತ್ ಇಲ್ಲ. ಪಾಟಿಯ ಮೇಲೆ ಮೊಮ್ಮಗಳೇ ಕೂಡಿಸಿದಳು: ಮನೆಯ ಹೊಸ್ತಿಲಿನಿಂದ ರೈಲಿನ ತನಕ, ರೈಲಿನ ಹೊತ್ತು, ಇಳಿದ ಮೇಲೆ ಕಾಯುವ ಹೊತ್ತು. ಎಂಟೂವರೆ ತಾಸು ಬೆಳೆದು ಒಂದು ಇಡೀ ದಿನವಾಯಿತು.

ಅಷ್ಟರಲ್ಲಿ ಒಳಗಿನಿಂದ ಅವಳ ಅಜ್ಜಿಯ ದನಿ ಬಂತು. “ನೀವೆಲ್ಲಾ ಹೋಗಿ ಬರ್ರಿ. ನಾ ಮನೀ ನೋಡ್ಕೋತೀನಿ.”

ಈ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಅದು ಮನೆಯ ಮೇಲಿನ ಪ್ರೀತಿ ಎಂದು ಮಕ್ಕಳು ತಿಳಿಯುತ್ತಾರೆ. ನಿಜ ಸಂಗತಿ ಬೇರೆ. ಮೊಣಕಾಲು ನೋವಿನವರಿಗೆ ಗಾಡಿ ಬದಲಿಸುವುದೆಂದರೆ ಮೆಟ್ಟಿಲು, ನೂಕುನುಗ್ಗಲು, ‘ನನ್ನಿಂದ ಎಲ್ಲರಿಗೂ ತಡ ಆದೀತು’ ಎಂಬ ಅಳುಕು. ನಾವು ಆರಿಸುತ್ತಿದ್ದದ್ದು ಬರಿಯ ಗಾಡಿಯನ್ನಲ್ಲ, ಅಜ್ಜಿ ಬರುತ್ತಾಳೋ ಇಲ್ಲವೋ ಎಂಬುದನ್ನು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಗಾಡಿಯನ್ನು ಅವರಿಗಾಗಿ ಆರಿಸಬೇಕು. ರಾಣಿ ಚೆನ್ನಮ್ಮ ಗೆದ್ದಳು.

ಇನ್ನು ಉಳಿದದ್ದು ಬೆಂಗಳೂರಿನಲ್ಲಿ ಬದಲಿಸುವ ಪ್ರಶ್ನೆ. ಇಲ್ಲಿ ಮೂರು ಸಂಗತಿ ನೋಡಬೇಕು.

ಒಂದು, ಎರಡೂ ಗಾಡಿಗಳು ಒಂದೇ ನಿಲ್ದಾಣದವೇ? ‘ಬೆಂಗಳೂರು’ ಎಂದರೆ ಒಂದು ನಿಲ್ದಾಣವಲ್ಲ. ಮೆಜೆಸ್ಟಿಕ್ ಹತ್ತಿರದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಬೇರೆ ಬೇರೆ. ಒಂದರಲ್ಲಿ ಇಳಿದು ಇನ್ನೊಂದಕ್ಕೆ ಓಡುವುದೆಂದರೆ ಊರೊಳಗೆ ಮತ್ತೊಂದು ಪ್ರಯಾಣ.

ಎರಡು, ಮೊದಲ ಗಾಡಿ ತಡವಾದರೆ ಮುಂದೇನು? ಬೆಂಗಳೂರಿನಿಂದ ಮೈಸೂರಿಗೆ ದಿನವಿಡೀ ಗಾಡಿಗಳಿವೆ. ಒಂದು ತಪ್ಪಿದರೆ ಇನ್ನೊಂದು. ಹೋಗುವಾಗಿನ ಬದಲಾವಣೆಗೆ ಅಷ್ಟು ಅಂಜಬೇಕಿಲ್ಲ. ಬರುವಾಗ ಹಾಗಲ್ಲ. ರಾತ್ರಿಯ ರಾಣಿ ಚೆನ್ನಮ್ಮ ತಪ್ಪಿದರೆ ಕಾದಿರಿಸಿದ ಬರ್ತ್‌ಗಳೂ ಹೋದವು, ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಎಲ್ಲಿರುವುದು? ಆದ್ದರಿಂದ ಮೈಸೂರನ್ನು ಮಧ್ಯಾಹ್ನವೇ ಬಿಟ್ಟೆವು. ಅದೇ ಎರಡು ಗಾಡಿ, ಅದೇ ಹಳಿ. ಆದರೂ ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ.

ಮೂರು, ಟಿಕೇಟು. ಒಂದರ ಹಿಂದೊಂದು ಹಿಡಿಯುವ ಎರಡು ಗಾಡಿಗಳ ಪಿಎನ್ಆರ್ ಸಂಖ್ಯೆಗಳನ್ನು ಜೋಡಿಸುವ ಅನುಕೂಲವನ್ನು ರೈಲ್ವೆ 2019ರ ಏಪ್ರಿಲ್‌ನಿಂದ ಕೊಟ್ಟಿದೆ. ಎರಡರಲ್ಲೂ ಅದೇ ಪ್ರಯಾಣಿಕರ ಹೆಸರಿರಬೇಕು. ಹೀಗೆ ಜೋಡಿಸಿದ್ದರೆ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದಾಗ ಪ್ರಯಾಣ ಮಾಡದ ಭಾಗದ ಹಣ ವಾಪಸು ಕೇಳಬಹುದು. ಬೇರೆ ಬೇರೆಯಾಗಿ ತೆಗೆಸಿ ಜೋಡಿಸದೆ ಬಿಟ್ಟರೆ ಆ ಆಸರೆ ಇಲ್ಲ.

ಅಜ್ಜ ಅಜ್ಜಿಯರ ಬರ್ತ್ ಬಗ್ಗೆಯೂ ಒಂದು ಮಾತು. ಹಿರಿಯರಿಗೆಂದು ಕೆಳಗಿನ ಬರ್ತ್‌ಗಳ ಕೋಟಾ ಇದೆ. ಆದರೆ ಒಂದು ಟಿಕೇಟಿನಲ್ಲಿ ಒಬ್ಬರು ಅಥವಾ ಇಬ್ಬರು ಹಿರಿಯರು ಮಾತ್ರ ಇದ್ದರೆ ಅದು ಸಿಗುತ್ತದೆ. ಆರು ಜನರ ಹೆಸರಿನ ನಡುವೆ ಅಜ್ಜಿಯ ಹೆಸರು ಸೇರಿಸಿದರೆ ಆ ಕೋಟಾ ಅನ್ವಯಿಸುವುದಿಲ್ಲ. ನಮ್ಮಿಬ್ಬರ ಟಿಕೇಟನ್ನು ಬೇರೆಯಾಗಿ ತೆಗೆಸಿದೆವು, ಎರಡೂ ಕೆಳಗಿನವೇ ಸಿಕ್ಕವು. 5 ತುಂಬಿದ, 12 ತುಂಬದ ಮಕ್ಕಳಿಗೆ ಬೇರೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಈಗ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ದಸರೆಗೆ ಹೋಗುವವರು ಶ್ರಾವಣದಲ್ಲೇ ಮನೆಯವರೆಲ್ಲ ಕೂಡಿ ಮಾತಾಡುವುದು ಒಳ್ಳೆಯದು.

ಪ್ರಯಾಣ ಸುಖವಾಗಿತ್ತು. ಖಾನಾಪುರ ದಾಟಿ ಲೋಂಡಾದ ಕಾಡು ಬರುವಷ್ಟರಲ್ಲಿ ಕತ್ತಲಾಗಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆವು. ಹುಬ್ಬಳ್ಳಿಯಲ್ಲಿ ಮೊಮ್ಮಗ ನಿದ್ದೆ ತಡೆದು ಕಿಟಕಿಗೆ ಮುಖ ಹಚ್ಚಿ ಕುಳಿತ. ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್ ಎಂದರೆ ಅವನ ಮನೆಯಿಂದ ಶಾಲೆಯಷ್ಟು ದೂರ.

ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಮುಂದಿನ ಗಾಡಿಗೆ ಮೂರು ತಾಸು ಇತ್ತು. ಬೇಕೆಂದೇ ಇಟ್ಟುಕೊಂಡ ಹೊತ್ತು ಅದು. ಜನರೆಲ್ಲ ಇಳಿದು ಹೋಗಲೆಂದು ಕಾದು, ಅವಸರವಿಲ್ಲದೆ ಲಿಫ್ಟಿನ ಕಡೆ ನಡೆದೆವು. ಮೊಮ್ಮಗಳ ಕೆಲಸ ಸಾಮಾನು ಎಣಿಸುವುದು, ಮೊಮ್ಮಗನ ಕೆಲಸ ಅಜ್ಜಿಯ ಕೈ ಬಿಡದಿರುವುದು. ಮಕ್ಕಳಿಗೆ ಇಂಥ ಒಂದೊಂದು ಕೆಲಸ ಕೊಟ್ಟರೆ ಅವರು ಜನಸಂದಣಿಯಲ್ಲಿ ಅತ್ತಿತ್ತ ಓಡುವುದಿಲ್ಲ.

ಮುಖ ತೊಳೆದು, ಇಡ್ಲಿ ತಿಂದು ಬೆಂಚಿನ ಮೇಲೆ ಕುಳಿತಾಗ ಅಜ್ಜಿ ನಿಲ್ದಾಣದ ಹೆಸರನ್ನು ಓದಿಸಿದಳು. ಆಮೇಲೆ ಮಕ್ಕಳಿಗೆ ಹೇಳಿದಳು: “ನೋಡ್ರಿ, ಕಿತ್ತೂರ ಚೆನ್ನಮ್ಮ ನಮ್ಮನ್ನ ತಂದು ಸಂಗೊಳ್ಳಿ ರಾಯಣ್ಣನ ಕೈಯಾಗ ಕೊಟ್ಟಾಳ. ಇಬ್ಬರೂ ನಮ್ಮ ಬೆಳಗಾವಿ ಜಿಲ್ಲಾದವರ. ಇನ್ನ ಎದರ ಅಂಜಿಕಿ?”

ಮೈಸೂರಿನ ಗಾಡಿ ಬಂದು ನಿಂತಾಗ ನಮ್ಮಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಅವಳೇ.