ಯೂರಿಯಾ ಚೀಲ ಬಿಚ್ಚೂಕಿಂತ ಮೊದಲು ಮುಂಜಾನೆ ಆರಕ್ಕ ಎಲಿ ನೋಡ್ರಿ

ಮಳಿ ಕೈಕೊಟ್ಟು ಹದಿನೈದು ದಿನ ಆತು. ಹಾನಗಲ್ ಕಡೆ ಕೂರಿಗಿ ಭತ್ತದವರು ಮುಗಿಲು ನೋಡಾಕತ್ತಾರ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳದವರೂ ಅದನ್ನ ಮಾಡಾಕತ್ತಾರ. ನಿನ್ನೆ ಒಂದೇ ದಿನ ಮೂರು ಮಂದಿ ಫೋನ್ ಮಾಡಿ ಒಂದೇ ಮಾತು ಕೇಳಿದ್ರು: "ಪೀಕು ಬಾಡೇತಿ, ಎಕರೆಕ್ಕ ಒಂದು ಚೀಲ ಯೂರಿಯಾ ಒಗದರ ಚೇತರಿಸ್ಕೋತೈತೇನು?" ಇಲ್ಲ ಅಂತ ಹೇಳಿದೆ. ಯಾಕ ಇಲ್ಲ ಅನ್ನೋದನ್ನ ಫೋನಿನಾಗ ಹೇಳಾಕ ಆಗಲಿಲ್ಲ, ಹಂಗಾಗಿ ಇಲ್ಲಿ ಬರೀತೀನಿ.

ಮನ್ಯಾಗ ಮಾವಿನಕಾಯಿ ಉಪ್ಪಿನಕಾಯಿ ಹಾಕೋದು ಎಲ್ಲಾರೂ ನೋಡೀರಿ. ಹೆಚ್ಚಿದ ಕಾಯಿಗೆ ಒಂದು ಹನಿ ನೀರು ಸೋಕಿಸೂದಿಲ್ಲ. ಬರೀ ಉಪ್ಪು ಕಲಸಿ ಭರಣಿ ಮುಚ್ಚಿಟ್ಟರೆ ಮರುದಿನಕ್ಕೆ ನೀರು ಬಿಟ್ಟಿರುತ್ತದೆ, ಹೋಳುಗಳು ಸುಕ್ಕುಗಟ್ಟಿರುತ್ತವೆ. ಆ ನೀರು ಬಂದದ್ದು ಮಾವಿನಕಾಯಿಯ ಜೀವಕೋಶಗಳಿಂದ. ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ ಇರುತ್ತದೆ. ಅದು ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪು, ಸಕ್ಕರೆಯನ್ನು ಅಷ್ಟು ಸಲೀಸಾಗಿ ಬಿಡುವುದಿಲ್ಲ. ಪೊರೆಯ ಯಾವ ಕಡೆ ಉಪ್ಪು ಹೆಚ್ಚೋ ನೀರು ಆ ಕಡೆಗೆ ಹೋಗುತ್ತದೆ. ಶಾಲೆಯಲ್ಲಿ ಇದನ್ನೇ ಅಭಿಸರಣೆ ಅಂತ ಓದಿ, ಪರೀಕ್ಷೆಯಲ್ಲಿ ಬರೆದು, ಅಲ್ಲೇ ಬಿಟ್ಟು ಬಂದೀವಿ.

ಬೇರು ನೀರು ಕುಡಿಯೋದೂ ಹಿಂಗ. ಬೇರಿನ ಜೀವಕೋಶದೊಳಗಿನ ರಸ ಗಟ್ಟಿ, ಹಸಿ ಮಣ್ಣಿನ ನೀರು ತೆಳು. ಅದಕ್ಕೇ ನೀರು ಒಳಗೆ ಬರುತ್ತದೆ, ಬಂದು ಜೀವಕೋಶದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಕಾರಿನ ಟೈರಿಗೆ ನಾವು 30-35 ಪೌಂಡ್ ಗಾಳಿ ಹಾಕಿಸ್ತೀವಿ. ಚೆನ್ನಾಗಿ ನೀರು ಕುಡಿದ ಎಲೆಯ ಜೀವಕೋಶದೊಳಗೆ 70 ಪೌಂಡಿಗಿಂತಲೂ ಹೆಚ್ಚು ಒತ್ತಡ ಇರುತ್ತದೆ! ಎಳೇ ಎಲೆ ನೆಟ್ಟಗೆ ನಿಲ್ಲುವುದು ಈ ಒತ್ತಡದ ಮೇಲೆ. ಎಲೆಯ ಪತ್ರರಂಧ್ರಗಳಿಂದ ಬಿಸಿಲಿಗೆ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಪೂರೈಸದಿದ್ದರೆ ಟೈರ್ ಪಂಕ್ಚರ್ ಆದಂತೆ ಎಲೆ ಜೋತು ಬೀಳುತ್ತದೆ.

ಗೋವಿನಜೋಳದ್ದು ಇನ್ನೊಂದು ಜಾಣತನ ಐತಿ. ಅದರ ಎಲೆಯ ಮೇಲ್ಮೈಯಲ್ಲಿ ಸಾಲಾಗಿ ದೊಡ್ಡ ಜೀವಕೋಶಗಳಿವೆ. ನೀರು ಕಡಿಮೆಯಾದಾಗ ಮೊದಲು ಕುಗ್ಗುವುದು ಅವು. ಆಗ ಎಲೆ ಕೊಳವೆಯಂತೆ ಸುತ್ತಿಕೊಂಡು ಬಿಸಿಲಿಗೆ ಮೈ ಕಡಿಮೆ ಒಡ್ಡುತ್ತದೆ. ಅಂದಮೇಲೆ ಮಧ್ಯಾಹ್ನ ಎರಡಕ್ಕ ಹೊಲಕ್ಕ ಹೋಗಿ ಎಲಿ ಸುತ್ತಿಕೊಂಡದ್ದು ನೋಡಿ ಗಾಬರಿ ಆಗೋದು ಬ್ಯಾಡ. ಮುಂಜಾನೆ ಆರಕ್ಕ ಹೋಗ್ರಿ. ರಾತ್ರಿ ಪತ್ರರಂಧ್ರ ಮುಚ್ಚಿರುತ್ತವೆ, ಬೇರು ನಿಧಾನಕ್ಕೆ ನೀರೆಳೆದು ಲೆಕ್ಕ ಸರಿ ಮಾಡಿರುತ್ತದೆ. ಆರಕ್ಕೆ ಎಲೆ ಬಿಚ್ಚಿಕೊಂಡಿದ್ದರೆ ಪೀಕು ಇನ್ನೂ ತಡೆಯುತ್ತದೆ. ಆರಕ್ಕೂ ಸುತ್ತಿಕೊಂಡೇ ಇದ್ದರೆ ಮಣ್ಣಿನಲ್ಲಿ ಬೇರಿಗೆ ಸಿಗುವ ನೀರು ಮುಗಿಯುತ್ತ ಬಂದಿದೆ ಅಂತ ಅರ್ಥ.

"ಎರಿ ಮಣ್ಣು ಹಿಂಡಿದರ ಇನ್ನೂ ತಂಪು ಐತಲ್ರೀ" ಅಂತಾರ. ಐತಿ, ಆದರ ಅದು ಪೀಕಿನ ಪಾಲಿಗಿಲ್ಲ. ಎರಿ ಮಣ್ಣಿನ ನುಣುಪು ಕಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆ ಹಿಡಿತ ಸುಮಾರು 15 ಬಾರ್, ಅಂದರೆ 220 ಪೌಂಡಿನಷ್ಟಾದರೆ ಹೆಚ್ಚಿನ ಬೆಳೆಗಳ ಬೇರು ಕೈಚೆಲ್ಲುತ್ತವೆ. ಮಸಾರಿ ಬೇಗ ಒಣಗುತ್ತದೆ ಖರೆ, ಆದರೆ ಇದ್ದ ನೀರಿನಲ್ಲಿ ಹೆಚ್ಚಿನ ಪಾಲನ್ನು ಬೇರಿಗೆ ಬಿಟ್ಟುಕೊಡುತ್ತದೆ. ಅದಕ್ಕ ಸಣ್ಣ ಮಳಿ ಬಿದ್ದಾಗ ಮಸಾರಿ ಹೊಲ ಮೊದಲು ನಗತೈತಿ.

ಈಗ ಯೂರಿಯಾ ಮಾತಿಗೆ ಬರೋಣ. ಮಣ್ಣು ಅರ್ಧ ಒಣಗಿದರೆ ಉಳಿದ ನೀರಿನಲ್ಲಿ ಲವಣ ಎರಡು ಪಟ್ಟು ಗಟ್ಟಿಯಾದಂತೆ. ಬೇರು ಮೊದಲೇ ಏದುಸಿರು ಬಿಡುತ್ತಿರುತ್ತದೆ. ಅದರ ಬುಡಕ್ಕೆ ಗೊಬ್ಬರ ಸುರಿದು, ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಆ ಗಟ್ಟಿ ನೀರು ಬೇರಿನೊಳಗೆ ಹೋಗುವುದಿಲ್ಲ, ಬೇರಿನ ನೀರನ್ನೇ ಹೊರಗೆ ಎಳೆಯುತ್ತದೆ. ಅದೇ ಉಪ್ಪಿನಕಾಯಿ ಭರಣಿ. ಸಮ ತೂಕಕ್ಕೆ ಯೂರಿಯಾದ ಉಪ್ಪಿನ ಗುಣ ಡಿಎಪಿಗಿಂತ ಎರಡು ಪಟ್ಟಿಗೂ ಹೆಚ್ಚು, ಮ್ಯೂರಿಯೇಟ್ ಆಫ್ ಪೊಟ್ಯಾಷಿನದು ಅದಕ್ಕಿಂತಲೂ ಹೆಚ್ಚು. ಸಾಲದ್ದಕ್ಕೆ, ಒಣ ನೆಲದ ಮೇಲೆ ಬಿದ್ದ ಯೂರಿಯಾ ಇಬ್ಬನಿಯಷ್ಟು ತೇವ ಸಿಕ್ಕರೂ ಕರಗಿ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. 45 ಕೆಜಿ ಚೀಲದಾಗ ಇರೋದು 20 ಕೆಜಿ ಚಿಲ್ಲರೆ ಸಾರಜನಕ. ಅದರಾಗೂ ಗಾಳಿಗೆ ಪಾಲು ಕೊಡೋದು ಯಾಕ?

2023ರ ಆಗಸ್ಟ್ ನೆನಪು ಮಾಡ್ಕೋರಿ. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಾಗಿನಿಂದ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಶಿಗ್ಗಾಂವಿ ಕಡೆಯ ನಮ್ಮ ಬೀಗರೊಬ್ಬರು ಆಗ ಮುಂಜಾನೆ ಇಬ್ಬನಿ ಹೊತ್ತಿನಾಗ ಯೂರಿಯಾ ಉಗ್ಗಿಸಿದರು. ಆಳುಗಳು ಅವಸರದಾಗ ಉಗ್ಗಿದ ಕಾಳು ಸುಳಿಯೊಳಗೇ ಬಿದ್ದವು. ಇಬ್ಬನಿಗೆ ಕರಗಿ, ಸುಳಿ ಎಲೆಯ ನೀರನ್ನೇ ಎಳೆದುಕೊಂಡವು. ಮೂರನೇ ದಿನಕ್ಕ ಸುಳಿ ಬೆಳ್ಳಗ ಸುಟ್ಟಂಗ ಆತು. ರೋಗ ಅಂತ ತಿಳಿದು ಔಷಧ ಬ್ಯಾರೆ ಹೊಡೆಸಿದರು. ನಾನು ಹೋಗಿ ನೋಡಿದಾಗ ಸುಟ್ಟ ಎಲೆ ಕಂಕುಳಲ್ಲಿ ಅರೆಬರೆ ಕರಗಿದ ಕಾಳು ಇನ್ನೂ ಇದ್ದವು. ಔಷಧದ ರೊಕ್ಕನೂ ಹೋತು.

ಹಂಗಾರ ಏನು ಮಾಡೋದು? ಮೊದಲು ಎಡಿ ಹೊಡೀರಿ. ಎರಿ ಹೊಲದ ಬಿರುಕು ಮುಚ್ಚಿದರೆ ಕೆಳಗಿನ ತೇವ ಉಳಿಯುತ್ತದೆ, ಪಾಲಿಗೆ ಬಂದ ಕಳೆಯೂ ಹೋಗುತ್ತದೆ. ಮಳಿ ಇಲ್ಲದಾಗ ಎಡಿ ಹೊಡೆದದ್ದು ಅರ್ಧ ನೀರು ಹಾಯಿಸಿದಂಗ ಅಂತ ನಮ್ಮಪ್ಪ ಅಂತಿದ್ದ. ಅರ್ಧ ಅನ್ನೋದು ಜಾಸ್ತಿ ಆತು, ಆದರ ಮಾತು ಸುಳ್ಳಲ್ಲ. ಪೀಕು ಸೂಲಂಗಿ ಹೊಡೆದು ತೆನಿ ರೇಷ್ಮೆ ಬಿಡೋ ಹಂತದಾಗಿದ್ದರ, ಕೃಷಿ ಹೊಂಡದಾಗ ಇದ್ದಷ್ಟು ನೀರು ಈಗಲೇ ಕೊಡ್ರಿ. ಮುಂದಕ್ಕ ಇಟ್ಕೋಬ್ಯಾಡ್ರಿ, ಆ ರೇಷ್ಮೆ ಒಣಗಿದರ ಕಾಳು ಕಟ್ಟೂದಿಲ್ಲ.

ಸಿಂಪರಣೆ ಮಾಡೂದಿದ್ದರ ಲೀಟರಿಗೆ 20 ಗ್ರಾಂ ಯೂರಿಯಾ ಇಲ್ಲಾ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಸಂಜಿ ಮುಂದ. "ಜೋರು ಇರಲಿ" ಅಂತ ಕೈ ಮುಂದ ಮಾಡಿದರ ಎಲೆಯ ಅಂಚು ಸುಡೋದು ಗ್ಯಾರಂಟಿ. ಪೊಟ್ಯಾಷ್ ಯಾಕ ಅಂದರ, ಪತ್ರರಂಧ್ರದ ಎರಡೂ ಬದಿಯ ಕಾವಲು ಜೀವಕೋಶಗಳು ಪೊಟ್ಯಾಸಿಯಂ ಒಳಗೆ ತಗೊಂಡು, ಅದರ ಹಿಂದೆ ನೀರು ಬಂದು, ಉಬ್ಬಿ ಬಾಗಿಲು ತೆರೆಯುತ್ತವೆ. ಅದು ಹೊರಗೆ ಹೋದರೆ ಮುಚ್ಚುತ್ತವೆ. ಪೊಟ್ಯಾಷ್ ಕೊರತೆ ಇದ್ದ ಹೊಲದಾಗ ಈ ಬಾಗಿಲು ಸರಿಯಾಗಿ ಹಾಕೂದಿಲ್ಲ.

ನೀರು ಕೂಡಿಡೋದು ನೋಡಬೇಕಂದ್ರ ಸವಣೂರಿನ ದೊಡ್ಡಹುಣಸೆ ಮರ ನೋಡ್ರಿ. ಆಫ್ರಿಕಾ ಮೂಲದ್ದು, ಕಾಂಡದ ತುಂಬ ನೀರು ತುಂಬಿಕೊಂಡು, ಬ್ಯಾಸಗಿಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ನಮ್ಮ ಗೋವಿನಜೋಳಕ್ಕ ಆ ಸವಲತ್ತಿಲ್ಲ, ನಾಲ್ಕು ತಿಂಗಳದಾಗ ತೆನಿ ಕೊಡಬೇಕು.

ಮಳಿ ಬಂದ ದಿನ ಯೂರಿಯಾ ಸಿಗೂದಿಲ್ಲ, ಪಾಳಿ ಹಚ್ಚಬೇಕಾಗತೈತಿ ಅನ್ನೋ ಹೆದರಿಕೆ ನನಗೂ ಐತಿ. ತಂದಿಟ್ಕೋರಿ, ಒಣಾ ಜಾಗದಾಗ ಇಡ್ರಿ. ಒಂದು ಗೇಣು ಆಳಕ್ಕ ಮಣ್ಣು ನೆನೆದ ಮೇಲೆ, ಎಲಿ ಮ್ಯಾಲಿನ ನೀರು ಆರಿದ ಮೇಲೆ, ಬುಡದಿಂದ ಎರಡು-ಮೂರು ಇಂಚು ದೂರ ಹಾಕಿ ಮಣ್ಣು ಮುಚ್ಚಿಸ್ರಿ. ನನ್ನ ಆರು ಚೀಲ ಇನ್ನೂ ಪಡಸಾಲ್ಯಾಗ ಅದಾವು. ನಾಳೆ ಮುಂಜಾನೆ ನಿಮ್ಮ ಹೊಲದ ಎಲಿ ಫೋಟೋ ತೆಗೆದು ಹಾಕ್ರಿ. ಎಷ್ಟು ಗಂಟೆದ್ದು, ಎರಿನೋ ಮಸಾರಿನೋ, ಬಿತ್ತಿ ಎಷ್ಟು ದಿನ ಆತು ಅನ್ನೋದನ್ನೂ ಬರೀರಿ.